ಮೋಡದ ಲೆಕ್ಕ: ಮೊತ್ತ ಸರಿ, ಬಾಬ್ತು ತಪ್ಪು

ದೂಧಗಂಗೆಯ ದಂಡೆಯ ಸದಲಗಾದ ಸ್ಥಿತಿ ವಿಚಿತ್ರವಾದುದು. ಮಳೆ ಸುರಿಯುವುದು ಪಶ್ಚಿಮದ ಸಹ್ಯಾದ್ರಿಯಲ್ಲಿ. ಕಬ್ಬು ಮುಳುಗುವುದು ಇಲ್ಲಿ. 2019ರ ಮಹಾಪೂರದಲ್ಲಿ ಕಂಡದ್ದೂ ಇದೇ. ಘಟ್ಟದ ಮೋಡಗಳನ್ನು ಹವಾಮಾನ ಮಾದರಿಗಳು ಎಷ್ಟರಮಟ್ಟಿಗೆ ಹಿಡಿಯಬಲ್ಲವು ಎಂಬುದು ಇಲ್ಲಿನ ರೈತನಿಗೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ.

ಜಾಗತಿಕ ಮಾದರಿಗಳು ಭೂಮಿಯನ್ನು ಸುಮಾರು 100 ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸುತ್ತವೆ. ಒಂದೇ ಚೌಕದಲ್ಲಿ ಘಟ್ಟದ ನೆತ್ತಿಯೂ ಸದಲಗಾದ ಬಯಲೂ ಅಡಗಿಬಿಡಬಹುದು. ಅದರೊಳಗಿನ ಮೋಡವನ್ನು ಸೂತ್ರದಿಂದ ಅಂದಾಜಿಸುವುದಷ್ಟೇ ಉಳಿದ ದಾರಿ. ಉಪಗ್ರಹಗಳ ದತ್ತಾಂಶದೊಡನೆ ತಾಳೆ ನೋಡಿದಾಗ, ಉಷ್ಣವಲಯದ ತಗ್ಗಿನ ಮೋಡಗಳು ಅನೇಕ ಮಾದರಿಗಳಲ್ಲಿ ವಾಸ್ತವಕ್ಕಿಂತ ವಿರಳ. ಇರುವಷ್ಟಕ್ಕೆ ಅತಿಯಾದ ಹೊಳಪು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ, ಪ್ರತಿಫಲಿಸುವ ಬಿಸಿಲಿನ ಮೊತ್ತ ಮಾತ್ರ ಬಹುಮಟ್ಟಿಗೆ ಸರಿ! ಆಯವ್ಯಯ ಪತ್ರಗಳ ನಡುವೆ ತಲೆ ನರೆತ ನನಗೆ ಈ ಬಗೆಯ ಲೆಕ್ಕ ಅಪರಿಚಿತವಲ್ಲ.

ಭೂಮಿ ಬಿಸಿಯಾಗುತ್ತಿದೆಯೆಂಬ ತೀರ್ಮಾನ ಇದರಿಂದ ಸಡಿಲಗೊಳ್ಳದು. ಎಷ್ಟು ಬಿಸಿಯೆಂಬ ಅನಿಶ್ಚಯಕ್ಕೆ ಮಾತ್ರ ಮೋಡವೇ ಮುಖ್ಯ ಕಾರಣ. ಆದರೆ ಈ ಮಾದರಿಗಳಿಂದ ತಾಲ್ಲೂಕಿನ ಮಳೆಯನ್ನು ನೇರವಾಗಿ ಎತ್ತಿಕೊಂಡು ಯೋಜನೆ ರೂಪಿಸುವುದು ದುಡುಕು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಪ್ರಯೋಗಾಲಯ ಸ್ಥಾಪಿಸಿ, ಮೋಡದೊಳಗೇ ಕುಳಿತು ಹನಿಗಳನ್ನು ಅಳೆದಿದೆ. ದೂಧಗಂಗೆಯ ಮೇಲ್ದಂಡೆಗೂ ಅಂಥದೊಂದು ಕೇಂದ್ರ ಬೇಕು. ಖರ್ಚನ್ನು ಕರ್ನಾಟಕ, ಮಹಾರಾಷ್ಟ್ರಗಳು ಹಂಚಿಕೊಳ್ಳಲಿ.