ಸಾಲಮಾಂಕಾದ ಮರದ ಬೆಂಚುಗಳು

ಸ್ಪೇನಿನ ಸಾಲಮಾಂಕಾ ವಿಶ್ವವಿದ್ಯಾನಿಲಯಕ್ಕೆ ಹೊರನಾಡಿನ ವಿದ್ಯಾರ್ಥಿಗಳು ಅನೇಕರು ಬರುವುದು ಸ್ಪಾನಿಷ್ ಭಾಷೆಗಾಗಿ. ನಾನೂ ಹಾಗೆ ಹೋದವನೇ. 1218ರಲ್ಲಿ ಸ್ಥಾಪಿತವಾದ ಈ ವಿದ್ಯಾಪೀಠದ ಹೆಬ್ಬಾಗಿಲ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಕಪ್ಪೆಯೊಂದಿದೆ. ಅದನ್ನು ತಾನಾಗಿಯೇ ಹುಡುಕಿ ಕಂಡವನು ಪರೀಕ್ಷೆಯಲ್ಲಿ ಗೆಲ್ಲುವನೆಂದು ನಂಬಿಕೆ. ನನಗೆ ಬೇರೆಯವರೇ ತೋರಿಸಬೇಕಾಯಿತು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಒಂದು ಹಳೆಯ ಪಾಠದ ಕೋಣೆ. ಒರಟು ತೊಲೆಗಳಂಥ ಬೆಂಚುಗಳು. ಅವುಗಳ ಮೇಲೆ ಎಂದೋ ಓದಿ ಹೋದವರು ಕೊರೆದ ಗೀರುಗಳು. 16ನೆಯ ಶತಮಾನದಲ್ಲಿ ಇಲ್ಲಿ ಬೋಧಿಸಿದ ಕವಿ, ಸಂನ್ಯಾಸಿ ಫ್ರಾಯ್ ಲೂಯಿಸ್ ದೆ ಲೆಯೋನ್ ಅವರ ಹೆಸರು ಈ ಕೋಣೆಗಿದೆ. ಆಗ ಪಾಠದ ಭಾಷೆ ಲ್ಯಾಟಿನ್. ಬೈಬಲ್ಲಿನ ಪರಮಗೀತೆಯನ್ನು ಅವರು ಹೀಬ್ರೂವಿನಿಂದ ಜನರ ಮಾತಾದ ಸ್ಪಾನಿಷ್‌ಗೆ ತಂದರು. ಅದೂ ಅವರ ಮೇಲಿನ ಆರೋಪಗಳಲ್ಲೊಂದಾಯಿತು. 1572ರಲ್ಲಿ ಧರ್ಮವಿಚಾರಣೆಯ ನ್ಯಾಯಮಂಡಲಿ ಅವರನ್ನು ಸೆರೆಗೆ ತಳ್ಳಿತು. ದೂರಿತ್ತವರಲ್ಲಿ ಸಹೋದ್ಯೋಗಿಗಳೂ ಇದ್ದರೆಂಬುದು ವಿಶ್ವವಿದ್ಯಾನಿಲಯಗಳನ್ನು ಬಲ್ಲವರಿಗೆ ಅಚ್ಚರಿಯ ಮಾತಲ್ಲ. 1576ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಮರಳಿದ ಅವರು, ನಿನ್ನೆ ಹೇಳುತ್ತಿದ್ದೆವಲ್ಲ ಎಂದೇ ಪಾಠವನ್ನು ಮುಂದುವರಿಸಿದರಂತೆ. ಇದು ಐತಿಹ್ಯವೇ ಇರಬಹುದು. ಊರು ಮಾತ್ರ ಅದನ್ನು ಬಿಟ್ಟುಕೊಟ್ಟಿಲ್ಲ.

ಯಾವ ಮಾತಿಗೆ ಧರ್ಮಗ್ರಂಥವನ್ನು ತರುವುದು ಅಂದು ಅಪರಾಧವಾಗಿತ್ತೋ ಆ ಮಾತಿನ ಕ್ರಿಯಾಪದಗಳನ್ನೇ ನಾವು, ದೂರದೂರದಿಂದ ಬಂದವರು, ಅದರ ಸಮೀಪದಲ್ಲಿ ಕುಳಿತು ಉರುಹೊಡೆಯುತ್ತಿದ್ದೆವು. ಅಲ್ಲಿನ ಹುಡುಗರು ಅಧ್ಯಾಪಕರನ್ನು ಸಲೀಸಾಗಿ ಏಕವಚನದಲ್ಲಿ ಮಾತನಾಡಿಸುತ್ತಾರೆ. ಗುರುಗಳೆದುರು ಬಹುವಚನಕ್ಕೆ ಪಳಗಿದ ನನ್ನ ಕನ್ನಡ ನಾಲಗೆಗೆ ಅದು ಕೊನೆಯವರೆಗೂ ಒಗ್ಗಲಿಲ್ಲ.