ಸ್ಕಾರ್ಫ್ 'ಪ್ಯೂರ್ ಉಲ್ಲನ್' ಅಂತಾರಾ? ಒಂದು ಎಳೆ ಸುಟ್ಟು ನೋಡಿ

ಚಳ್ಳಕೆರೆ: ಚಳಿ ಶುರುವಾದ್ರೆ ಸ್ಕಾರ್ಫ್, ಮಫ್ಲರ್ ವ್ಯಾಪಾರ ಜೋರು. ಎಲ್ಲದಕ್ಕೂ 'ಪ್ಯೂರ್ ಉಲ್ಲನ್' ಅನ್ನೋ ಒಂದೇ ಮಾತು. ಕಂಬಳಿಗೆ ಹೆಸರಾದ ಊರಿನವರೇ ಉಣ್ಣೆ ಯಾವುದು, ಸಿಂಥೆಟಿಕ್ ಯಾವುದು ಅಂತ ತಿಳಿಯದೆ ದುಡ್ಡು ಕೊಟ್ಟು ಬರ್ತೀವಿ. ಅದಕ್ಕೇ ಈ ಮಾಹಿತಿ.

ಫೆಲ್ಟ್ ಅಂದ್ರೇನು?
ಕಂಬಳಿಗೆ ನೂಲು ತೆಗೀಬೇಕು, ಹುಣಸೆ ಬೀಜದ ಗಂಜಿ ಹಾಕಬೇಕು, ಮಗ್ಗದಲ್ಲಿ ನೇಯಬೇಕು. ಫೆಲ್ಟ್‌ಗೆ ನೂಲೂ ಬೇಡ, ಮಗ್ಗವೂ ಬೇಡ. ಉಣ್ಣೆ ಎಳೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆಯಾಗುತ್ತೆ. ಆಮೇಲೆ ಬಿಡಿಸೋಕೆ ಆಗಲ್ಲ. ಉಣ್ಣೆ ಸ್ವೆಟರ್ ಬಿಸಿನೀರಲ್ಲಿ ಒಗೆದಾಗ ಚಿಕ್ಕದಾಗೋದೂ ಇದೇ ಕಾರಣಕ್ಕೆ.

ಮಾಡೋದು ಹೇಗೆ?
5 ಅಡಿ ಸ್ಕಾರ್ಫ್ ಬೇಕಿದ್ದರೆ ಏಳೂವರೆ ಅಡಿ ಉದ್ದ ಹರಡಬೇಕು. ಯಾಕಂದ್ರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕುಗ್ಗುತ್ತೆ. ಪ್ಲಾಸ್ಟಿಕ್ ಹಾಳೆ ಮೇಲೆ ಹಿಂಜಿದ ಉಣ್ಣೆಯನ್ನು ತೆಳ್ಳಗೆ ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಹರಡಿ. ಸೋಪಿನ ನೀರು ಚಿಮುಕಿಸಿ, ಮೇಲೊಂದು ಪರದೆ ಬಟ್ಟೆ ಹಾಕಿ ಮೆಲ್ಲಗೆ ಉಜ್ಜಿ. ಎಳೆಗಳು ಹಿಡಿದುಕೊಂಡ ಮೇಲೆ ಚಾಪೆ ಥರ ಸುತ್ತಿ, ದಿಕ್ಕು ಬದಲಿಸಿ ಉರುಳಿಸಿ. ಬೇಕಾದ ಅಳತೆಗೆ ಬಂದಾಗ ಸೋಪು ಹೋಗುವಂತೆ ತೊಳೆದು, ನೆರಳಲ್ಲಿ ಒಣಗಿಸಿ.

ಸಿಂಥೆಟಿಕ್ ಯಾಕೆ ಬೆರೆಸ್ತಾರೆ?
ನೈಲಾನ್, ಪಾಲಿಯೆಸ್ಟರ್ ಎಳೆ ನುಣುಪು, ಪೊರೆ ಇರಲ್ಲ. ಸೋಪು-ನೀರಿನಲ್ಲಿ ಎಷ್ಟು ಉಜ್ಜಿದರೂ ತಾನಾಗಿ ಫೆಲ್ಟ್ ಆಗಲ್ಲ. ಆದರೆ ಉಣ್ಣೆ ಮೇಲೆ ಸ್ವಲ್ಪ ಹರಡಿದರೆ, ಉಣ್ಣೆ ಅದನ್ನು ಹಿಡಿದುಕೊಳ್ಳುತ್ತೆ. ಹೊಳಪು, ಬಣ್ಣ ಬರುತ್ತೆ. ಬೆರೆಸೋದು ತಪ್ಪಲ್ಲ, ಬೆರೆಸಿ 'ಪ್ಯೂರ್' ಅನ್ನೋದು ತಪ್ಪು.

ನಮ್ಮ ಕುರಿ ಉಣ್ಣೆ ನಡೆಯುತ್ತಾ?
ಸ್ಕಾರ್ಫ್‌ಗೆ ಹೆಚ್ಚಾಗಿ ಬಳಸೋದು ಸುಮಾರು 20 ಮೈಕ್ರಾನ್ ದಪ್ಪದ ಮೆರಿನೊ ಉಣ್ಣೆ. ನಮ್ಮ ಡೆಕ್ಕನಿ, ಬಳ್ಳಾರಿ ತಳಿಯ ಉಣ್ಣೆ ಅದಕ್ಕಿಂತ ತುಂಬಾ ಒರಟು, ಕತ್ತಿಗೆ ಚುಚ್ಚುತ್ತೆ. ಕಂಬಳಿ, ಚಾಪೆ, ಚೀಲಕ್ಕೆ ಅದೇ ಗಟ್ಟಿ.

ಪತ್ತೆ ಹೇಗೆ?
ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆ ಮೇಲೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದ್ರೆ ಉಣ್ಣೆ. ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾದ್ರೆ ಸಿಂಥೆಟಿಕ್. ಎರಡೂ ಕಂಡರೆ ಮಿಶ್ರಣ.

ಅಂಗಡಿಯವರಿಗೆ ಒಂದು ಮಾತು: 'ಮಿಕ್ಸ್' ಅಂತ ಬರೆದೇ ಮಾರಿ. ಅಗ್ಗದ ಮಾಲು ಬೇಕಾದವರು ಹೇಗೂ ತಗೋತಾರೆ. ಸಿಂಥೆಟಿಕ್ಕನ್ನೇ ಉಣ್ಣೆ ಅಂತ ಮಾರುತ್ತಾ ಹೋದರೆ, ಹೊಡೆತ ಬೀಳೋದು ನಿಜವಾದ ಕಂಬಳಿ ನೇಯೋರಿಗೆ, ಕುರಿ ಕಾಯೋರಿಗೆ.