ಕಸುಬಿನ ವೆಚ್ಚವೂ ತೆರಿಗೆಯ ಲೆಕ್ಕವೂ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆವ ಮಾನ್ವಿಯಲ್ಲಾಗಲಿ, ದೇವದುರ್ಗದಲ್ಲಾಗಲಿ, ರಾಯಚೂರು ನಗರದ ಗಲ್ಲಿಯೊಂದರಲ್ಲಾಗಲಿ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಬದುಕುವ ಮೆಕ್ಯಾನಿಕನು, ಕೈಸೇರಿದ ಹಣವೆಲ್ಲವೂ ತೆರಿಗೆಗೆ ಗುರಿಯಾದ ಆದಾಯವೆಂದು ಭಾವಿಸಬೇಕಾದುದಿಲ್ಲ. ತಾಮ್ರದ ತಂತಿ, ವಾರ್ನಿಷ್, ಬೇರಿಂಗ್, ಅಂಗಡಿಯ ಬಾಡಿಗೆ, ಕರೆಂಟ್ ಬಿಲ್ಲು, ಕೆಲಸದ ಹುಡುಗನ ಕೂಲಿ ಇವೆಲ್ಲವನ್ನು ಕಳೆದು ಉಳಿದುದೇ ಲಾಭ.

1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮು ವಿಧಿಸಿದ, 2025ರ ಹೊಸ ಕಾಯಿದೆಯೂ ಉಳಿಸಿಕೊಂಡ ತತ್ತ್ವವು ಸರಳ: ವೆಚ್ಚವು ಸಂಪೂರ್ಣವಾಗಿ, ಕೇವಲ ಕಸುಬಿಗಾಗಿಯೇ ಆಗಿರತಕ್ಕದ್ದು, ಮನೆವಾರ್ತೆಯ ಖರ್ಚು ಅದರೊಳಗೆ ನುಸುಳಕೂಡದು. ತಂತಿ ಸುತ್ತುವ ಯಂತ್ರದ ಬೆಲೆಯಾದರೋ ಒಮ್ಮೆಲೇ ಕಳೆಯತಕ್ಕದ್ದಲ್ಲ. ಸವಕಳಿಯೆಂದು ಸಾಮಾನ್ಯವಾಗಿ ಶೇಕಡ 15ರಂತೆ ವರ್ಷವರ್ಷವೂ ಕಳೆಯುತ್ತ ಬರಬೇಕು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ವೆಚ್ಚವು ಸಾಮಾನ್ಯವಾಗಿ ಮಾನ್ಯವಾಗದು.

ರಸೀತಿಗಳನ್ನು ಕಾಯ್ದಿಡಲಾರದ ಸಣ್ಣ ಕಸುಬುದಾರನಿಗೆ ಮತ್ತೊಂದು ಮಾರ್ಗವುಂಟು: ವಹಿವಾಟಿನ ಶೇಕಡ 8ನ್ನು, ಬ್ಯಾಂಕು ಇಲ್ಲವೆ ಫೋನಿನ ಮೂಲಕ ಬಂದ ಹಣವಾದರೆ ಶೇಕಡ 6ನ್ನು, ಲಾಭವೆಂದು ಘೋಷಿಸಬಹುದು, ಆದರೆ ಆ ಬಳಿಕ ಬಿಡಿ ವೆಚ್ಚಗಳನ್ನು ಕಳೆಯುವ ಹಕ್ಕಿಲ್ಲ. ನಿಜವಾದ ಲಾಭವು ಅದಕ್ಕಿಂತಲೂ ಕಡಿಮೆಯಾದವನಿಗೆ ಲೆಕ್ಕದ ಪುಸ್ತಕವೂ ಬಿಲ್ಲುಗಳ ಕಂತೆಯೂ ಅನಿವಾರ್ಯ.